ಮಣ್ಣಿನ ಜ್ವರ

ಚನ್ನಬಸಯ್ಯನವರು ಮೊಮ್ಮಗ ಅನಿಕೇತನ ಹಣೆ ಮುಟ್ಟಿ ನೋಡಿ ನಕ್ಕರು. "ಜ್ವರ ಬಂತು. ಇನ್ನ ಚಿಂತಿಲ್ಲ. ಸೃಷ್ಟಿ, ಓಣ್ಯಾಗ ಸಕ್ಕರಿ ಹಂಚವಾ."

ಸೃಷ್ಟಿ ಸಕ್ಕರೆ ಡಬ್ಬಿ ತೆಗೆಯಲಿಲ್ಲ. ಖಾನಾಪುರದ ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ; ಆದರೂ ವಾಡಿಕೆ ಗೊತ್ತಿತ್ತು. ಹಿತ್ತಲ ತಾಲೀಮಿನ, ಅಂದರೆ ಕುಸ್ತಿ ಗರಡಿಯ, ಕೆಂಪು ಮಣ್ಣಿಗೆ ಹೊಸದಾಗಿ ಇಳಿದವನಿಗೆ ಜ್ವರ ಬಂದರೆ ಮಣ್ಣು ಅವನನ್ನು ಒಪ್ಪಿಕೊಂಡಿತೆಂದು ಲೆಕ್ಕ. ಜ್ವರದಲ್ಲೇ ಮತ್ತೆ ಕೂತು ಎದ್ದು ಬೈಠಕ್ ಹೊಡೆಯಬೇಕು. ಮೈ ಗಟ್ಟಿಯಾಗುವ ತನಕ ನೀರು ಗುಟುಕು ಗುಟುಕಷ್ಟೇ. ಹಳೆಯ ಪೈಲ್ವಾನರೆಲ್ಲ ಹಾಗೇ ಬೆಳೆದದ್ದಂತೆ. ಬೆಳೆಯದೆ ಹೋದವರ ಸುದ್ದಿ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಅವಳ ಗಂಡ ಅನಿಕೇತ ಬೆಳಗಾವಿಯ ಅನಗೋಳದಲ್ಲಿ ಮೊಬೈಲ್ ಅಂಗಡಿಯ ಕುರ್ಚಿಯಲ್ಲಿ ಕೂತು ಹೊಟ್ಟೆ ಬೆಳೆಸಿಕೊಂಡವನು. ಪೊಲೀಸ್ ನೇಮಕಾತಿಯ ಓಟ ಮುಂದಿನ ವಾರ ಅಂದಾಗ ಅಜ್ಜನ ತಾಲೀಮು ನೆನಪಾಗಿತ್ತು. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದರೆ ಇದೇ. ಮೊದಲ ದಿನವೇ ಅಜ್ಜ ಕಾಲು ಕುಸಿಯುವ ತನಕ ಬೈಠಕ್ ಹೊಡೆಸಿದ್ದರು, ಇವನೂ ಹುಮ್ಮಸ್ಸಿನಲ್ಲಿ ಹೊಡೆದಿದ್ದ. ಮರುದಿನವೂ ಅದೇ.

ಈಗ ತೊಡೆಗಳು ಬಾತು ಕಲ್ಲಾಗಿದ್ದವು. ಗೋಡೆ ಹಿಡಿದು ಬಚ್ಚಲಿಗೆ ಹೋದವನು ಮತ್ತೆ ಮತ್ತೆ ನೀರು ಸುರಿಯುವ ಸಪ್ಪಳ ಕೇಳಿ ಸೃಷ್ಟಿ ಬಾಗಿಲು ತಳ್ಳಿದಳು. ಕಲ್ಲಿನ ಮೇಲೆ ಉಳಿದ ಉಚ್ಚೆ ಕರಿ ಚಹಾದ ಬಣ್ಣಕ್ಕಿತ್ತು.

"ಯಾವಾಗಿಂದ ಹಿಂಗ್ರಿ?"

"ನಿನ್ನಿಯಿಂದ. ಅಜ್ಜಗ ಹೇಳಬ್ಯಾಡ. ಓಟ ತಪ್ಪತೈತಿ."

ಇವನು ಹೆದರುತ್ತಿರುವುದು ರೋಗಕ್ಕಲ್ಲ, ಅಜ್ಜನಿಗೆ ಮತ್ತು ಓಟಕ್ಕೆ ಎಂದು ತಿಳಿದು ಅವಳಿಗೆ ಸಿಟ್ಟು ಬಂತು.

ಹಿತ್ತಲಿನಿಂದ ಚನ್ನಬಸಯ್ಯನವರು ಕೂಗಿದರು. "ಬಾರೋ. ಇವತ್ತ ಬಿಟ್ರ ಮೈ ಹಿಡಕೋತೈತಿ."

"ಬರೂದಿಲ್ರಿ ಅಜ್ಜಾರ," ಎಂದಳು ಸೃಷ್ಟಿ. ಅವರಿಗೆ ಎದುರಾಡಿದ್ದು ಅದೇ ಮೊದಲು. "ಉಚ್ಚಿ ಕರ್ರಗ ಹೊಂಟೈತಿ. ಗಾಡಿಗೆ ಹೇಳೇನಿ, ಬೆಳಗಾಂವಿಗೆ ಒಯ್ತೀನಿ."

ಗಾಡಿ ಬಂದಾಗ ಮುದುಕರು ಹೆಗಲಿಗೆ ಶಾಲು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು.

ಬೆಳಗಾವಿಯ ದವಾಖಾನೆಯ ಡಾಕ್ಟರಮ್ಮ ರಕ್ತದ ವರದಿ ನೋಡಿ ಕನ್ನಡಕ ತೆಗೆದರು. "ರೂಢಿ ಇಲ್ಲದ ಕಸರತ್ತಿಗೆ ಸ್ನಾಯು ಹರೀತೈತಿ. ಹರದದ್ದನ್ನ ಸ್ವಚ್ಛ ಮಾಡಾಕ ರಕ್ತದಾಗಿನ ಬಿಳಿ ಕಣ ಓಡಿ ಬರ್ತಾವ. ಅದಕ್ಕ ಬಾವು, ಅದಕ್ಕ ಜ್ವರ. ಆವಾಗ ಸುಮ್ಮ ಕುಂತಿದ್ರ ಮೈ ತಾನ ರಿಪೇರಿ ಮಾಡ್ಕೋತಿತ್ತು. ನೀವು ಬಾವಿನ ಮ್ಯಾಲ ಮತ್ತ ಹರದೀರಿ. ಆ ಹೊಲಸೆಲ್ಲಾ ಹೋಗಿ ಮೂತ್ರಪಿಂಡದಾಗ ಕಟ್ಟೈತಿ. ನೀರರ ಕುಡಿಸಿದ್ರೇನು?"

ಡಾಕ್ಟರಮ್ಮ ಕನ್ನಡಕ ಮತ್ತೆ ಹಾಕಿಕೊಂಡರು.

"ಸಂಜೀತನಕ ನೋಡೂಣು. ಉಚ್ಚಿ ಇಳೀಲಿಲ್ಲಂದ್ರ ಡಯಾಲಿಸಿಸ್ ಮಾಡಬೇಕಾಕ್ಕೈತಿ. ಮುಂದಿಂದು ಈಗ ಹೇಳಾಕ ಬರೂದಿಲ್ಲ."

ಸಂಜೆಯಾಯಿತು. ಸಲೈನ್ ಬಾಟಲಿಯಿಂದ ಹನಿ ಬೀಳುತ್ತಲೇ ಇತ್ತು. ಅನಿಕೇತ ಕಣ್ಣು ಮುಚ್ಚಿ ಮಲಗಿದ್ದ. ಸೃಷ್ಟಿ ಅವನ ಪಾದ ಹಿಡಿದು ಕೂತಿದ್ದಳು. ಚನ್ನಬಸಯ್ಯನವರು ಕುರ್ಚಿ ಬಿಟ್ಟು ನೆಲಕ್ಕೆ ಕೂತಿದ್ದರು, ಕುರ್ಚಿಯಿಂದ ಮಂಚದ ಕೆಳಗೆ ತೂಗುಹಾಕಿದ್ದ ಉಚ್ಚೆಯ ಚೀಲ ಕಾಣುತ್ತಿರಲಿಲ್ಲ. ನರ್ಸ್ ಬಂದು ಬಗ್ಗಿ ಚೀಲದ ನಳಿಗೆಯನ್ನು ಬೆರಳಿನಿಂದ ಎರಡು ಸಲ ತಟ್ಟಿ ನೋಡಿದಳು; ಏನೂ ಇಳಿಯಲಿಲ್ಲ. ಆಮೇಲೆ ವಾರ್ಡಿನ ದೀಪ ಹಾಕಿ, ಡಾಕ್ಟರನ್ನು ಕರೆಯಲು ಹೋದಳು.