ಹುಳಿ ನೀರಿನ ಮರ್ವಾಯಿ

"ಇದೆಂತ ಮರ್ವಾಯಿಯಾ, ನಿನ್ನ ಸತ್ತ ಅಪ್ಪನ ಬೊಜ್ಜದೂಟದ ಹಪ್ಪಳವಾ?"

ಫಳ್ನೀರು ರಸ್ತೆಯ ಹೋಟೆಲಿನ ಹಿಂಬಾಗಿಲಲ್ಲಿ ಧಣಿ ಚಿತ್ತರಂಜನ ಬುಟ್ಟಿಯಿಂದ ಒಂದು ಮರ್ವಾಯಿ ಚಿಪ್ಪನ್ನು ತೆಗೆದು ಎರಡು ಬೆರಳಲ್ಲಿ ಒತ್ತಿದ. ಮುರಿದ ಸದ್ದೂ ಬರಲಿಲ್ಲ. ಮಾಂಸ ಲೋಳೆಲೋಳೆಯಾಗಿ ಹೊರಗೆ ಜಾರಿತು. ಆ ಕೈಯನ್ನು ಅವನು ಮರ್ವಾಯಿ ಮಾರಲು ಬಂದಿದ್ದ ಸ್ವರ್ಣಲತಾಳ ಸೆರಗಿಗೆ ಒರೆಸಿದ.

"ಪುಡಿಯಾದ ಚಿಪ್ಪಿನ ಚೂರು ಚುಚ್ಚಿ ಗಿರಾಕಿಯ ಬಾಯಲ್ಲಿ ರಕ್ತ ಬಂತು ಮಾರಾಯ್ತಿ. ಚಿಪ್ಪು ಬೇಗ ಬಾಯಿ ಬಿಡ್ಲಿ ಅಂತ ಆಸಿಡ್ ಹಾಕ್ತೀಯಾ, ಬೇವರ್ಸಿ?"

"ನಾನು ಎಂತದೂ ಹಾಕಿಲ್ಲ ಧಣಿ. ನೀರಿಂದ ತೆಗೆಯುವಾಗ್ಲೇ ಹೀಗುಂಟು."

"ಬಾಯಿ ಮುಚ್ಚು. ಕಂಪ್ಲೇಂಟ್ ಕೊಡ್ತೇನೆ."

ಅವನು ಬುಟ್ಟಿಯನ್ನು ಕಾಲಲ್ಲಿ ಒದ್ದು ಚರಂಡಿಗೆ ಉರುಳಿಸಿದ. ಅವಳು ನಿಂತ ಜಾಗಕ್ಕೆ ಅಡುಗೆಯವನು ಫಿನಾಯಿಲ್ ಸುರಿದ. ಅದು ಅವಳ ಪಾದದ ಮೇಲೂ ಬಿತ್ತು.

ಮೂವತ್ತು ವರ್ಷದಿಂದ ಸ್ವರ್ಣಲತಾ ಅಳಿವೆಯ ನೀರಿಗಿಳಿದು ಕಾಲ್ಬೆರಳಲ್ಲೇ ತಡವಿ ಮರ್ವಾಯಿ ಹೆಕ್ಕುತ್ತಿದ್ದಳು. ಮೊದಲೆಲ್ಲ ಚಿಪ್ಪಿನ ಅಂಚು ಹಿಮ್ಮಡಿ ಸೀಳುತ್ತಿತ್ತು. ಈಗ ತುಳಿದರೆ ಕೀವು ತುಂಬಿದ ಹುಣ್ಣು ಒಡೆದಂತೆ ಪಿಚಕ್ಕೆನ್ನುತ್ತದೆ. ಕೆಸರಿನೊಳಗೆ ಸತ್ತು ಕೊಳೆತವುಗಳ ನಾತ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗುವುದಿಲ್ಲ. ಸುಟ್ಟು ಸುಣ್ಣ ಮಾಡಲು ಖಾಲಿ ಚಿಪ್ಪು ಕೊಂಡೊಯ್ಯುತ್ತಿದ್ದ ಸುಣ್ಣದ ಗೂಡಿನ ಅಯ್ಯೂಬ್ ಕೂಡ "ಇದ್ರಲ್ಲಿ ಸುಣ್ಣವೇ ಇಲ್ಲ ಅಕ್ಕ" ಎಂದು ಬರುವುದನ್ನು ಬಿಟ್ಟಿದ್ದ.

ಚಿತ್ತರಂಜನನ ದೂರಿನ ಮೇಲೆ ಮೂರನೇ ದಿನ ಮೀನುಗಾರಿಕೆ ಇಲಾಖೆಯ ಆಫೀಸರ ಬಂದ. ಇಳಿತದ ಹೊತ್ತು. ಸ್ವರ್ಣಲತಾಳ ತಮ್ಮ ಕಿಟ್ಟು ಇಬ್ಬರನ್ನೂ ದೋಣಿಯಲ್ಲಿ ಅಳಿವೆಯ ನಡುವಿನ ಮರಳದಿಣ್ಣೆಗೆ ಕರೆದೊಯ್ದ. ಆಫೀಸರ ನೀರಿಗೆ ಮೀಟರು ಅದ್ದಿ ನೋಡಿ ಮುಖ ಕಿವುಚಿದ.

"ನೀರು ಹುಳಿಯಾಗ್ತಾ ಉಂಟು. ಹೊಗೆಯನ್ನೆಲ್ಲ ಸಮುದ್ರ ಕುಡೀತದೆ. ಚಿಪ್ಪು ಬೆಳೆಯುದಿಲ್ಲ. ಬೆಳೆದದ್ದೂ ಕರಗ್ತದೆ."

"ಯಾರ ಹೊಗೆ ಸರ್?"

"ಇಡೀ ಲೋಕದ್ದು. ಫ್ಯಾಕ್ಟರಿ, ಲಾರಿ, ಹಡಗು, ವಿಮಾನ. ನಿನಗೆ ಅರ್ಥ ಆಗುದಿಲ್ಲ. ಈ ಕಾಗದಕ್ಕೆ ಸೈನ್ ಹಾಕು."

ಅವಳು ಏಳನೇ ಕ್ಲಾಸು ಓದಿದವಳು. ನಿಧಾನವಾಗಿ ಓದಿದಳು: ನಾವು ಮಿತಿಮೀರಿ ಹೆಕ್ಕಿದ್ದರಿಂದ ಮರ್ವಾಯಿ ಹಾಳಾಗಿದೆ, ಇನ್ನು ಮುಂದೆ ಹೆಕ್ಕುವುದಿಲ್ಲ.

"ಈಗಷ್ಟೇ ಹುಳಿ ಅಂದ್ರಲ್ಲ?"

"ಹೊಗೆಗೆ ನೋಟಿಸ್ ಕೊಡ್ಲಿಕ್ಕಾಗ್ತದಾ? ನಿನಗಾದ್ರೆ ಹೆಸರುಂಟು, ಅಡ್ರೆಸ್ ಉಂಟು. ಕಂಪ್ಲೇಂಟ್ ಕೊಟ್ಟದ್ದು ದೊಡ್ಡ ಜನ. ಫೈಲ್ ಕ್ಲೋಸ್ ಆಗ್ಬೇಕು. ಹಾಕು ಬೇಗ."

ಅವಳು ಸೈನ್ ಹಾಕಲಿಲ್ಲ. ಕಾಗದವನ್ನು ಅವನ ಕೈಗೇ ಕೊಟ್ಟು ದೋಣಿ ಹತ್ತಿದಳು.

"ಕಿಟ್ಟು, ಹುಟ್ಟು ಹಾಕು."

"ಅವರು?"

"ಹಾಕು ಅಂದೆ."

ಕಿಟ್ಟು ಅಕ್ಕನ ಮುಖವನ್ನೊಮ್ಮೆ ನೋಡಿದ. ಆಮೇಲೆ ಹುಟ್ಟನ್ನು ಮರಳಿಗೆ ಊರಿ ದೋಣಿಯನ್ನು ತಳ್ಳಿದ. ಅಷ್ಟರಲ್ಲಿ ಉಬ್ಬರ ಶುರುವಾಗಿ ದಿಣ್ಣೆಯ ಅಂಚು ಮುಳುಗತೊಡಗಿತ್ತು.

"ಏಯ್! ನೀರು ಏರ್ತಾ ಉಂಟು! ಕೇಸ್ ಹಾಕ್ತೇನೆ, ರಂಡೆ! ಒಳಗೆ ಹಾಕಿಸ್ತೇನೆ!"

"ಹಾಕಿಸಿ. ಹೇಳಿದ್ರಲ್ಲ, ಅಡ್ರೆಸ್ ಉಂಟು ಅಂತ."

"ನನಗೆ ಈಜ್ಲಿಕ್ಕೆ ಬರುದಿಲ್ಲ ಮಾರಾಯ್ತಿ!"

"ಹೆದರ್ಬೇಡಿ ಸರ್, ಸಾಯುವಷ್ಟು ಬರುದಿಲ್ಲ. ಎದೆವರೆಗೆ ಮಾತ್ರ. ನಾವು ದಿನಾ ನಿಲ್ಲುದು ಅಷ್ಟರಲ್ಲೇ."

ನೀರು ಅವನ ಬೂಟಿನೊಳಗೆ ನುಗ್ಗಿತು. ಅವಳು ದೋಣಿಯಲ್ಲಿ ಅವನ ಕಡೆಗೇ ಮುಖ ಮಾಡಿ ಕುಳಿತಳು.