ಬರಿಹೊಟ್ಟೆಗೆ ಬಲದ ಪುಡಿ

ಜ್ವರ ಬಿಟ್ಟ ಮೇಲೂ ಬೇಕರಿಯವನ ಮೈಗೆ ಕಸುವು ಬರಲಿಲ್ಲ. ಹಿಟ್ಟು ನಾದಲು ನಿಂತರೆ ತೋಳು ಸೋಲುತ್ತಿತ್ತು. ಜಿಮ್ಮಿಗೆ ಹೋಗುವ ಭಾವಮೈದ ಒಂದು ಡಬ್ಬ ತಂದುಕೊಟ್ಟ.

“ಅಮೈನೋ ಆಸಿಡ್ ಪುಡಿ ಭಾವ. ನೀರಿಗೆ ಹಾಕಿ ಕುಡೀರಿ, ಆನೆಬಲ ಬರುತ್ತೆ!”

ಬೇಕರಿಯವ ದಿನಾ ಬೆಳಗ್ಗೆ ಬರಿಹೊಟ್ಟೆಗೆ ಕುಡಿದ. ಬೇಗ ಬಲ ಬರಲೆಂದು ಡಬ್ಬದ ಮೇಲೆ ಬರೆದಿದ್ದಕ್ಕಿಂತ ದುಪ್ಪಟ್ಟು ಸುರಿದುಕೊಂಡ. ಬಲ ಬರಲಿಲ್ಲ, ಎದೆಯುರಿ ಬಂತು. ಹುಳಿತೇಗು, ವಾಕರಿಕೆ. ಬಿಸಿ ಬ್ರೆಡ್ಡಿನ ಘಮವೂ ಅವನಿಗೆ ಬೇಡವಾಯಿತು. ಊಟ ಬಿಟ್ಟ, ಪುಡಿ ಬಿಡಲಿಲ್ಲ. ಅವನ ಅಪ್ಪ ತೀರಿಕೊಂಡಿದ್ದು ಹೊಟ್ಟೆಹುಣ್ಣಿನಿಂದ. ‘ಇನ್ನು ನನ್ನ ಸರದಿ’ ಎಂದುಕೊಂಡು ಹೆಂಡತಿಗೂ ಹೇಳದೆ ಒಳಗೊಳಗೇ ಕುಗ್ಗಿದ.

ಒಂದು ಬೆಳಗ್ಗೆ ಟ್ರೇ ಎತ್ತಿದವನು ಹೊಟ್ಟೆ ಹಿಡಿದು ಕುಸಿದು ಕೂತ. ಬ್ರೆಡ್ ಕೊಳ್ಳಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ಒಳಗೆ ಓಡಿಬಂದಳು.

“ಏನಪ್ಪಾ ತಿಂದೆ ಬೆಳಗ್ಗೆ?”

“ಏನೂ ಇಲ್ಲಕ್ಕ, ದುಪ್ಪಟ್ಟು ಪುಡಿ ಹಾಕಿ ಕುಡಿದೆ ಅಷ್ಟೇ. ಶಕ್ತಿದು, ಅದರಿಂದ ಏನಾಗುತ್ತೆ?”

ನರ್ಸಕ್ಕ ಡಬ್ಬ ತೆಗೆದುಕೊಂಡು ಓದಿದಳು.

“ಶಕ್ತಿ ಅಂತ ಬರೆದಿದ್ರೆ ಹೊಟ್ಟೆಗೆ ಓದೋಕೆ ಬರುತ್ತಾ? ಅಮೈನೋ ಆಸಿಡ್ ಅಂದ್ರೆ ಬೇಳೆ, ಮೊಟ್ಟೆಯಲ್ಲಿರೋ ಪ್ರೋಟೀನಿನ ಚೂರು. ಅದು ಒಳಗೆ ಬಿದ್ರೆ, ಊಟ ಬಂತು ಅಂದ್ಕೊಂಡು ಹೊಟ್ಟೆ ಹುಳಿರಸ ಸುರಿಸುತ್ತೆ. ಊಟ ಇದ್ರೆ ಆ ರಸಕ್ಕೆ ಅರಗಿಸೋ ಕೆಲಸ ಇರುತ್ತೆ. ಬರಿಹೊಟ್ಟೆಗೆ ಇಷ್ಟೊಂದು ಸುರಿದ್ರೆ ಕೆಲವರಿಗೆ ಉರಿ ಹತ್ತುತ್ತೆ.”

“ಹಾಗಾದ್ರೆ ಇದು... ಅಪ್ಪನಿಗೆ ಬಂದಿದ್ದಲ್ವಾ?”

ನೀರು ತಂದ ಹೆಂಡತಿ ಅದನ್ನು ಕೇಳಿ ಲೋಟ ಕೆಳಗಿಟ್ಟು ಅವನ ಪಕ್ಕ ಕೂತಳು.

“ಅದನ್ನ ಡಾಕ್ಟರೇ ಹೇಳಬೇಕು. ಏಳು, ಹೋಗೋಣ” ಎಂದಳು ನರ್ಸಕ್ಕ.

ಆಸ್ಪತ್ರೆಯಲ್ಲಿ ಬಾಯಿಂದ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡಿದರು. “ಹುಣ್ಣಿಲ್ಲ. ಒಳಗೆ ಸ್ವಲ್ಪ ಕೆಂಪಾಗಿದೆ, ಅಷ್ಟೇ. ಪುಡಿ ನಿಲ್ಲಿಸಿ, ಈ ಮಾತ್ರೆ ತಗೊಳ್ಳಿ, ಹೊತ್ತು ಹೊತ್ತಿಗೆ ಊಟ ಮಾಡಿ” ಎಂದರು ಡಾಕ್ಟರು.

ಬೇಕರಿಯವನಿಗೆ ಹೋದ ಜೀವ ಬಂದಂತಾಯಿತು. ಹೊರಗೆ ಬಂದ ಮೇಲೆ ಹೆಂಡತಿ ಅವನ ತೋಳಿಗೊಂದು ಏಟು ಕೊಟ್ಟಳು. “ಊಟ ಬಿಟ್ಟು ಪುಡಿ ಹಿಡಿದ್ರಲ್ಲ, ನನ್ನ ಅಡುಗೆ ಅಷ್ಟು ಕೆಟ್ಟದಾ?” ನಗುತ್ತಲೇ ಕಣ್ಣೊರೆಸಿಕೊಂಡಳು.

ಬೇಳೆ, ಮೊಟ್ಟೆ ತಿನ್ನುತ್ತ, ಹಾಲು ಕುಡಿಯುತ್ತ ತೋಳಿಗೆ ಬಲ ಮರಳಿತು. ಸುದ್ದಿ ಕೇಳಿ ಬಂದ ಭಾವಮೈದ ತಲೆ ತಗ್ಗಿಸಿ ನಿಂತ. “ಭಾವ, ಈ ಪುಡಿ ಕುಡಿದ್ರೆ ನನಗೂ ಎದೆ ಉರಿಯುತ್ತೆ. ಹೇಳೋಕೆ ನಾಚಿಕೆ ಆಗಿತ್ತು.”

“ಮೊದಲು ಊಟಕ್ಕೆ ಕೂತ್ಕೋ. ಆಮೇಲೆ ಡಾಕ್ಟರ ಹತ್ರ ಹೋಗೋಣ” ಎಂದ ಬೇಕರಿಯವ.

ನಿಮ್ಮ ಮನೆಯಲ್ಲೂ ಇಂಥ ಡಬ್ಬ ಇದೆಯೇ? ಚಮಚ ಹಾಕುವ ಮೊದಲು ಡಾಕ್ಟರನ್ನು ಕೇಳಿ. ಎದೆಯುರಿ ಬಿಡದಿದ್ದರೆ ತೋರಿಸಿಕೊಳ್ಳಿ. ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಓಡಿ. ಹೆದರಿಕೆಯನ್ನು ನುಂಗಿಕೊಂಡು ಕೂರಬೇಡಿ, ಮನೆಯವರಿಗೆ ಹೇಳಿ.