ವಾಸನೆಯ ಕಾಲಂ

ಆಸ್ಪತ್ರೆಯ ತಪಾಸಣೆ ಕೋಣೆಯ ಬಾಗಿಲು ದೂಡಿಕೊಂಡು ಮೊದಲು ಒಳಗೆ ಬಂದದ್ದು ಹಾಲಿನ ವ್ಯಾನಿನ ಡ್ರೈವರನ ಹಣೆ. ಅದು ಚೌಕಟ್ಟಿಗೆ ಬಡಿದ ಸದ್ದಿಗೆ ಸಿಸ್ಟರ್ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. ಅವನ ಕುತ್ತಿಗೆ ಹಿಡಿದು ಹಿಂದೆಯೇ ನುಗ್ಗಿದವನು ಅವಳ ತಮ್ಮ, ಪೊಲೀಸು.

"ಕುಡಿದು ಗಾಡಿ ಓಡಿಸಿದಾನೆ ಅಕ್ಕ. ಬ್ಯಾರಿಕೇಡ್ ಮುರಿದು ನನ್ನ ಮೇಲೇ ಬಂದ. ಒಂದಡಿ ಆಚೀಚೆ ಆಗಿದ್ರೆ ನನ್ನ ತಿಥಿ ಆಗ್ತಿತ್ತು. ಕುಡಿದಿದಾನೆ ಅಂತ ಬೇಗ ಬರ್ಕೊಡು."

ಆರೋಪಿಯನ್ನು ಕರೆತಂದವರು ಬಾಗಿಲ ಹೊರಗೆ ನಿಲ್ಲಬೇಕು ಎಂಬುದು ಆ ಕೋಣೆಯ ನಿಯಮ. ಕುಡಿದವರನ್ನು ಪರೀಕ್ಷಿಸುವ ಹೊತ್ತಿಗೆ ಪಕ್ಕದಲ್ಲಿ ಮತ್ತೊಂದು ಬಾಯಿ ಇರಬಾರದು. ಎಂಥೆಂಥ ಇನ್ಸ್‌ಪೆಕ್ಟರುಗಳನ್ನೇ ಬೆರಳು ತೋರಿಸಿ ಆಚೆ ಕಳಿಸಿದವಳು ಸಿಸ್ಟರ್. ಆದರೆ ಇವನು ತಮ್ಮ. ತಾಯಿ ಸತ್ತಾಗ ಮೂರು ವರ್ಷದವನು, ಇವಳ ಸೊಂಟದ ಮೇಲೆಯೇ ಬೆಳೆದವನು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಸಾಕಿದವರ ಪಾಡು ಅದಕ್ಕಿಂತ ಕಡೆ. ಅವನನ್ನು ಆಚೆ ಕಳಿಸದೆ ಫಾರಂ ಎಳೆದುಕೊಂಡಳು.

ಡ್ಯೂಟಿ ಡಾಕ್ಟರ್ ಪಕ್ಕದ ಕೋಣೆಯಲ್ಲಿ ಯಾರದೋ ಕಾಲಿಗೆ ಹೊಲಿಗೆ ಹಾಕುತ್ತಿದ್ದಳು. "ನೀವು ತುಂಬ್ತಾ ಇರಿ ಸಿಸ್ಟರ್, ಬಂದು ನೋಡಿ ಸೈನ್ ಮಾಡ್ತೀನಿ," ಎಂದು ಅಲ್ಲಿಂದಲೇ ಕೂಗಿದಳು. ಅದು ದಿನವೂ ನಡೆಯುವ ಪದ್ಧತಿ. ಫಾರಂ ತುಂಬುವವಳು ಇವಳು, ಸಹಿ ಅವಳದು.

ನೆಲದ ಮೇಲೆ ಹಳದಿ ಬಣ್ಣದ ಗೆರೆಯೊಂದಿತ್ತು. "ಇದರ ಮೇಲೆ ನಡೀರಿ," ಎಂದಳು ಸಿಸ್ಟರ್. ಡ್ರೈವರ್ ಎರಡು ಹೆಜ್ಜೆ ಇಟ್ಟು ವಾಲಿದ. ತಮ್ಮನ ಲಾಠಿ ಮೀನಖಂಡಕ್ಕೆ ಬಿತ್ತು. ಬಿದ್ದವನ ಪಕ್ಕೆಗೆ ಬೂಟುಗಾಲಿನಿಂದ ಒಮ್ಮೆ ಒದ್ದ, ತೃಪ್ತಿಯಾಗದೆ ಇನ್ನೊಮ್ಮೆ ಒದ್ದ. ಒಳಗೆಲ್ಲೋ ಎಲುಬು ಲಟಕ್ಕೆಂದಿತು.

"ಇಲ್ಲಿ ಹೊಡೀಬೇಡ," ಎಂದಳು ಸಿಸ್ಟರ್.

ಇಲ್ಲಿ ಬೇಡ ಎಂದರೆ ಬೇರೆಲ್ಲಾದರೂ ಹೊಡಿ ಎಂದೇ ಅರ್ಥ. ಇಂಥ ಮಾತನ್ನು ಅವಳು ಹಿಂದೆಯೂ ಆಡಿದ್ದಳು. ಅವನು ಹೊಡೆದ ಏಟುಗಳನ್ನು 'ಬಿದ್ದು ಆದ ಗಾಯ' ಎಂದು ಅವನು ಹೇಳಿದಂತೆಯೇ ಮೂರು ಸಲ ಬರೆದೂ ಕೊಟ್ಟಿದ್ದಳು. ಪಾಪ, ಬಿಸಿಲಲ್ಲಿ ನಿಂತು ನಿಂತು ತಲೆ ಕಾದಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ತಮ್ಮ ಡ್ರೈವರನನ್ನು ಸ್ಟೂಲಿನ ಮೇಲೆ ಕುಕ್ಕಿ, ಹಿಂದಿನಿಂದ ಕೂದಲು ಹಿಡಿದು ಮುಖ ಮೇಲೆತ್ತಿದ. "ಮೂಸಿ ನೋಡು." ಅವಳು ಬಗ್ಗಿದಳು. ಮೂಗಿಗೆ ಹೆಂಡದ ಘಾಟು ಬಡಿಯಿತು. ವಾಸನೆಯ ಕಾಲಮ್ಮಿನಲ್ಲಿ 'ಇದೆ' ಎಂದು ಬರೆದಳು. ಡ್ರೈವರ್ ಏನೋ ಹೇಳಲು ಹೋದ. "ಊಟ... ಸೂಜಿ... ಊಟ..." ಎಂದು ನಾಲಿಗೆ ಹೊರಳಿತು. ತಮ್ಮ ಅವನ ಬಾಯಿಗೇ ಗುದ್ದಿದ. ಹಲ್ಲೊಂದು ಟ್ರೇಯೊಳಗೆ ಬಿದ್ದು ಟಿಣ್ ಎಂದಿತು. 'ಮಾತು ತೊದಲುತ್ತದೆ' ಎಂದೂ ಬರೆದಾಯಿತು.

ಅಷ್ಟರಲ್ಲಿ ತಮ್ಮನ ಫೋನು ಬಡಿದುಕೊಂಡಿತು. ಸಾಹೇಬರು. ಅವನು ಸೆಟೆದು ನಿಂತು, "ಸರ್, ಸರ್," ಎನ್ನುತ್ತಾ ವರಾಂಡಕ್ಕೆ ಹೋದ.

ಸಿಸ್ಟರ್ ಹತ್ತಿ ತೆಗೆದುಕೊಂಡು ಡ್ರೈವರನ ಬಾಯಿಯ ರಕ್ತ ಒರೆಸತೊಡಗಿದಳು. ಒರೆಸುತ್ತಿದ್ದ ಕೈ ನಿಂತಿತು. ಮತ್ತೆ ಬಗ್ಗಿದಳು. ರಕ್ತದ ವಾಸನೆ, ಬೆವರಿನ ವಾಸನೆ, ಅಷ್ಟೇ. ಕೋಣೆಯಲ್ಲಿ ಹೆಂಡದ ಸುಳಿವೇ ಇರಲಿಲ್ಲ. ಅವನ ಅಂಗಿ ತೊಯ್ದು ತೊಪ್ಪೆಯಾಗಿತ್ತು, ಕೈ ಮಂಜುಗಡ್ಡೆಯಾಗಿತ್ತು. ಹೊಟ್ಟೆಯ ಚರ್ಮದ ಮೇಲೆ ಇನ್ಸುಲಿನ್ ಚುಚ್ಚಿದ ಚುಕ್ಕೆಗಳಿದ್ದವು. ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದಳು. ಮೂವತ್ತೊಂದು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಆಸಾಮಿ ಸತ್ತೇಹೋಗುತ್ತಾನೆ.

ಅವನನ್ನು ಮೇಜಿನ ಮೇಲೆ ಉರುಳಿಸಿ, ನರ ಹುಡುಕಿ, ಸೂಜಿ ಇಳಿಸಿ ಗ್ಲೂಕೋಸ್ ಬಿಟ್ಟಳು.

ತಮ್ಮ ವಾಪಸು ಬಂದ. ಅವನ ಜೊತೆ ವಾಸನೆಯೂ ಬಂತು.

"ಇವರು ಕುಡಿದಿಲ್ಲ," ಎಂದಳು. "ಸಕ್ಕರೆ ಇಳಿದಿದೆ."

"ವಾಸನೆ ಇದೆ ಅಂತ ನೀನೇ ಬರ್ದಿದೀಯಲ್ಲ?"

"ವಾಸನೆ ಇರೋದು ಇವರ ಬಾಯಲ್ಲಿ ಅಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮನ ಕೈ ತಾನಾಗಿ ಬಾಯಿ ಮುಚ್ಚಿಕೊಂಡಿತು. ಸಿಸ್ಟರ್ ಪೆನ್ನು ತೆಗೆದು 'ಇದೆ' ಎಂಬುದರ ಮೇಲೆ ಗೆರೆ ಎಳೆದಳು.

ಲಾಠಿ ಅವಳ ಪೆನ್ನು ಹಿಡಿದ ಕೈಯ ಮೇಲೇ ಬಿತ್ತು. ಎರಡು ಬೆರಳು ಮುರಿದವು. ಅವನು ಫಾರಮ್ಮಿಗೆ ಕೈ ಹಾಕಿದ, ಅವಳು ಅದರ ಮೇಲೆ ಎದೆ ಒತ್ತಿ ಮಲಗಿದಳು. ಹೆಗಲಿಗೆ ಬಿತ್ತು, ಬೆನ್ನಿಗೆ ಬಿತ್ತು. "ನನ್ನ ಕೆಲಸ ಹೋಗುತ್ತೆ ಅಕ್ಕ, ಕೊಡು ಅಕ್ಕ," ಎಂದು ಗೊಳೋ ಎಂದು ಅಳುತ್ತಲೇ ಹೊಡೆದ. ಅಕ್ಕ ಎಂದಷ್ಟು ಸಲವೂ ಹೊಡೆದ. ಹೊಡೆಯುತ್ತಿರುವ ಇದೇ ಕೈಯನ್ನು ಮೂರು ಸಲ ತಾನೇ ಕಾಪಾಡಿದ್ದೆ ಎಂಬುದು ಅವಳಿಗೆ ಪ್ರತಿ ಏಟಿಗೂ ಅರ್ಥವಾಗುತ್ತಿತ್ತು. ಸೂಜಿಯಿದ್ದ ಡ್ರೈವರನ ತೋಳನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಡಾಕ್ಟರ್ ಓಡಿ ಬಂದಳು. ಇಬ್ಬರು ವಾರ್ಡ್‌ಬಾಯ್‌ಗಳು ತಮ್ಮನನ್ನು ಗೋಡೆಗೆ ಒತ್ತಿ ಹಿಡಿದರು. ಅವನು ಒಬ್ಬನ ಮುಂಗೈ ಕಚ್ಚಿದ, ಆಮೇಲೆ ಕುಸಿದು ಕುಳಿತ. ಮೇಜಿನ ಮೇಲೆ ಡ್ರೈವರ್ ಕಣ್ಣು ಬಿಟ್ಟ. "ನನ್ನ ಗಾಡಿ ಎಲ್ಲಿದೆ? ಹಾಲು ಒಡೆದುಹೋಗುತ್ತೆ," ಎಂದ. ಒಂದಕ್ಷರವೂ ತೊದಲಲಿಲ್ಲ.

"ಮೊದಲು ಕೈ ತೋರ್ಸಿ ಸಿಸ್ಟರ್," ಎಂದಳು ಡಾಕ್ಟರ್.

"ಮೊದಲು ಇನ್ನೊಂದು ಫಾರಂ ತಗೊಳ್ಳಿ. ನನಗೆ ಬರೆಯೋಕಾಗಲ್ಲ, ನೀವೇ ಬರೀರಿ."

ಡಾಕ್ಟರಿಗೆ ಅರ್ಥವಾಯಿತು. ತಮ್ಮನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಮೂಸಿದಳು. "ಇದೆ," ಎಂದು ಬರೆದುಕೊಂಡಳು. ಮುಂದಿನದು ಗುರುತಿನ ಚಿಹ್ನೆಗಳ ಕಾಲಂ. ಮೈಮೇಲಿನ ಮಚ್ಚೆಯೋ ಕಲೆಯೋ ಎರಡಾದರೂ ನೋಡಿ ಬರೆಯಬೇಕು.

"ಇವರ ಅಂಗಿ ಬಿಚ್ಚಿಸ್ರಿ," ಎಂದಳು ಡಾಕ್ಟರ್ ವಾರ್ಡ್‌ಬಾಯ್‌ಗಳಿಗೆ.

"ಬಿಚ್ಚೋದೇನೂ ಬೇಡ," ಎಂದಳು ಸಿಸ್ಟರ್. ಅವಳು ಅತ್ತ ತಿರುಗಿಯೂ ನೋಡಲಿಲ್ಲ. "ಬರ್ಕೊಳ್ಳಿ. ಬಲಗಿವಿ ಹಿಂದೆ ಒಂದು ಕಪ್ಪು ಮಚ್ಚೆ. ಎಡ ಮೊಣಕಾಲ ಕೆಳಗೆ ಸುಟ್ಟ ಕಲೆ, ನಾಲ್ಕು ವರ್ಷದವನಿದ್ದಾಗ ಆಗಿದ್ದು."